ಚಪ್ಪಲಿ ಹುಡುಕುವ ಹೊತ್ತಿನ ಹಾಡು

ನಮ್ಮ ಕಲಬುರಗಿ ಕಡೆ ತತ್ವಪದದ ಭಜನೆ ಊಟ ಆದಮೇಲೆ ಶುರುವಾದರೆ ಮುಗಿಯುವುದು ಕೋಳಿ ಕೂಗಿದಾಗ. ಮೊದಲಿಗೆ ಕಟ್ಟೆ ತುಂಬ ಮಂದಿ. ಎರಡು ಗಂಟೆಗೆ ಅರ್ಧ. ನಾಲ್ಕಕ್ಕೆ ಉಳಿಯುವವರು ಏಕತಾರಿಯವ, ದಮ್ಮಡಿಯವ, ಗೋಡೆಗೊರಗಿ ಗೊರಕೆ ಹೊಡೆಯುವ ಇಬ್ಬರು. ಆಗ ಒಬ್ಬ ಮುದುಕ ಕೆಮ್ಮಿ, ಗಂಟಲು ಸರಿಮಾಡಿಕೊಂಡು, ಕಡಕೋಳ ಮಡಿವಾಳಪ್ಪನವರ ಒಂದು ಪದ ಎತ್ತುತ್ತಾನೆ ನೋಡಿ, ಇಡೀ ರಾತ್ರಿ ಹಾಡಿದ್ದು ಇದರ ತಯಾರಿಗೇನೋ ಅನಿಸಿಬಿಡುತ್ತದೆ. ಎದ್ದುಹೋದವರು ಅಷ್ಟೊತ್ತಿಗೆ ಕತ್ತಲಲ್ಲಿ ಚಪ್ಪಲಿ ಹುಡುಕುತ್ತಿರುತ್ತಾರೆ.

ಇಂಗ್ಲೆಂಡಿನ ರಾಕ್ ತಂಡ ರೋಲಿಂಗ್ ಸ್ಟೋನ್ಸ್‌ನ ಹಾಡೊಂದರ ಬಗ್ಗೆ ಬರೆಯಲು ಕೂತವನು ಭಜನೆಯಿಂದ ಶುರು ಮಾಡಿದ್ದಕ್ಕೆ ಕ್ಷಮಿಸಬೇಕು. ಆದರೆ ಆ ಹಾಡು ನನಗೆ ತಿಳಿದದ್ದೇ ಹಾಗೆ.

1997ರಲ್ಲಿ ಬಂದ ಅವರ ‘ಬ್ರಿಡ್ಜಸ್ ಟು ಬ್ಯಾಬಿಲಾನ್’ ಕ್ಯಾಸೆಟ್ಟನ್ನು ಮುಂಬಯಿಯಿಂದ ಬಂದ ಮಾವ ತಂದಿದ್ದ. ಊರಿನ ಹೆಸರು ಆಗಿನ್ನೂ ಗುಲ್ಬರ್ಗಾ. ತಂಡಕ್ಕೆ ಆಗಲೇ 35 ವರ್ಷ. ಮುದುಕರಾದರು, ಇನ್ನೇನು ಹಾಡುತ್ತಾರೆ ಎಂದು ಗೆಳೆಯರು ಮೂಗು ಮುರಿದರು. ‘ಎನಿಬಡಿ ಸೀನ್ ಮೈ ಬೇಬಿ’ ಒಂದನ್ನು ಕೇಳಿ, ಅಡ್ಡಿಯಿಲ್ಲ ಎಂದು ತಲೆಯಾಡಿಸಿ ಎದ್ದುಹೋದರು. 13ನೆಯ ಹಾಡಿನವರೆಗೆ ಕೂತವರು ಯಾರೂ ಇಲ್ಲ. ಅದರ ಹೆಸರು ‘ಹೌ ಕ್ಯಾನ್ ಐ ಸ್ಟಾಪ್’, ಹೇಗೆ ನಿಲ್ಲಿಸಲಿ ಅಂತ. ಹಾಡುವವನು ತಂಡದ ಮುಖ್ಯ ಗಾಯಕ ಮಿಕ್ ಜಾಗರ್ ಅಲ್ಲ, ಗಿಟಾರಿನ ಕೀತ್ ರಿಚರ್ಡ್ಸ್. ಕೀತ್ ಹಾಡಲು ನಿಂತರೆ ನಮ್ಮ ಗೆಳೆಯರ ಲೆಕ್ಕದಲ್ಲಿ ಅದು ಚಹಾದ ಹೊತ್ತು.

ನನಗೂ ಅದನ್ನು ಪೂರ್ತಿ ಕೇಳಲು ಬಹಳ ದಿನ ಹಿಡಿಯಿತು. ಬಿ ಬದಿಯ ಕೊನೆಗೆ ಬರುವಷ್ಟರಲ್ಲಿ ಖಾತ್ರಿಯಾಗಿ ಕರೆಂಟು ಹೋಗುತ್ತಿತ್ತು. ಆಮೇಲೆ ಸೆಲ್ಲಿನ ಮೇಲೆ ನಡೆಸಬೇಕು. ಹೊಸ ಸೆಲ್ಲಿಗೆ ರೊಕ್ಕ ಎಲ್ಲಿಂದ? ಸತ್ತ ಸೆಲ್ಲುಗಳನ್ನು ಮಾಳಿಗೆ ಮೇಲೆ, ಅವ್ವ ಒಣಹಾಕಿದ ಸಂಡಿಗೆಯ ಪಕ್ಕ, ಮೇ ತಿಂಗಳ ಬಿಸಿಲಿಗೆ ಸಾಲಾಗಿ ಇಡುತ್ತಿದ್ದೆ. ನಮ್ಮೂರ ಬಿಸಿಲಿಗೆ ಸೆಲ್ಲು ಸಹ ಎದ್ದು ಕೂಡುತ್ತದೆ, ಆದರೆ ಅರೆಜೀವ. ಟೇಪು ನಿಧಾನಕ್ಕೆ ತಿರುಗಿ, ಕೀತ್‌ನ ದನಿ ಬಾವಿಯೊಳಗಿಂದ ಬಂದಂತೆ ದಪ್ಪಗೆ, ಎಳೆದೆಳೆದು ಬರುತ್ತಿತ್ತು. ವಯಸ್ಸಾದವರು ಹೀಗೇ ಹಾಡುತ್ತಾರೆ ಎಂದುಕೊಂಡಿದ್ದೆ. ಎಷ್ಟೋ ವರ್ಷದ ಮೇಲೆ ಫೋನಿನಲ್ಲಿ ಕೇಳಿದಾಗ ಹಾಡು ಓಡಿದಂತಾಯಿತು. ಇವನಿಗೇನು ಅವಸರ ಬಂತು, ಅನಿಸಿತು!

ಖರೇ ಹೇಳಬೇಕೆಂದರೆ ಅವಸರವೇನೂ ಇಲ್ಲ, ಸುಮಾರು ಏಳು ನಿಮಿಷದ ಹಾಡು. ಕೀತ್‌ಗೆ ಆಗ 53. ಎತ್ತರದ ಸ್ವರ ಮುಟ್ಟುವುದಾಗದಿದ್ದರೆ ಅದರ ಕೆಳಗೇ ನಿಂತು ತಲೆಯೆತ್ತಿ ನೋಡುತ್ತಾನೆ. ದನಿಯಲ್ಲಿ ಸಿಗರೇಟು ಇದೆ, ನಿದ್ದೆಗೆಟ್ಟ ರಾತ್ರಿಗಳಿವೆ. ಜಂಬ ಮಾತ್ರ ಇಲ್ಲ. ಅವರ ಪ್ರಸಿದ್ಧ ಹಾಡುಗಳಲ್ಲಿ ಜಂಬದ್ದೇ ರುಚಿ, ಅದನ್ನು ನಾನೂ ಚಪ್ಪರಿಸಿದವನೇ. ಇದು ಬೇರೆ ಪಂಕ್ತಿಯ ಊಟ.

ಕೊನೆಗೆ ಸ್ಯಾಕ್ಸೊಫೋನ್ ಎದ್ದು ಬರುತ್ತದೆ. ಊದುವವನು ವೇಯ್ನ್ ಶಾರ್ಟರ್, ಮೈಲ್ಸ್ ಡೇವಿಸ್ ಜೊತೆ ನುಡಿಸಿದ ಜಾಜ್ ಪಂಡಿತ. ಡ್ರಮ್ಸಿಗೆ ಕೂತ ಚಾರ್ಲಿ ವಾಟ್ಸ್ ಜೀವಮಾನವೆಲ್ಲ ಬಾರಿಸಿದ್ದು ರಾಕ್, ಜೀವ ಬಿಟ್ಟದ್ದು ಜಾಜ್ ಮೇಲೆ. ಅಂಥವನ ಎದುರಿಗೆ ಸಾಕ್ಷಾತ್ ಶಾರ್ಟರ್! ಚಾರ್ಲಿಯನ್ನು ಕರೆದೊಯ್ಯಲು ಹೊರಗೆ ಕಾರು ಕಾಯುತ್ತಿತ್ತಂತೆ. ಹೊರಡುವ ಗಡಿಬಿಡಿಯಲ್ಲಿ ಇವನು ಮಾಡಿದ್ದೇನು? ಹಾಡು ಇನ್ನೇನು ಮುಗಿಯಿತು ಅನ್ನುವಾಗ ಡ್ರಮ್ಮು, ತಾಳ ಎರಡರ ಮೇಲೂ ಒಂದು ಸುತ್ತು ಕೈಯಾಡಿಸಿದ. ಜಾತ್ರೆ ಮುಗಿಸಿ ಹೊರಟವನು ಬಾಗಿಲಲ್ಲಿ ನಿಂತು ಗಂಟೆಯನ್ನು ಇನ್ನೊಮ್ಮೆ ಮುಟ್ಟಿದ ಹಾಗೆ. ನಮ್ಮ ಹಿಂದೂಸ್ತಾನಿ ಸಂಗೀತ ಕಛೇರಿಗಳಲ್ಲಿ ಭೈರವಿ ಹಾಡಿ ಮುಗಿಸುತ್ತಾರಲ್ಲ, ಇವರ ಭೈರವಿ ಇದು.

2003ರ ಏಪ್ರಿಲ್‌ನಲ್ಲಿ ಅವರು ಬೆಂಗಳೂರಿಗೇ ಬಂದಿದ್ದರು, ಅರಮನೆ ಮೈದಾನಕ್ಕೆ. ಸಂಜೆ ಉದ್ಯಾನ್ ಎಕ್ಸ್‌ಪ್ರೆಸ್ ಹತ್ತಿದ್ದರೆ ಒಂದು ರಾತ್ರಿಯ ಹಾದಿ. ನಾನು ಅಕ್ಕನ ಮದುವೆಗೆ ಶಾಮಿಯಾನದ ಗೂಟ ಹೊಡೆಸುತ್ತಿದ್ದೆ. ಅಕ್ಕನಿಗೆ ಇದನ್ನು ಈಗಲೂ ವರ್ಷಕ್ಕೊಮ್ಮೆ ನೆನಪಿಸುತ್ತೇನೆ. ಚಾರ್ಲಿ 2021ರಲ್ಲಿ ಹೋದ, ಶಾರ್ಟರ್ 2023ರಲ್ಲಿ.

ಈಗ ಹಾಡು ಕೇಳುವುದು ರಾತ್ರಿ ಮಾಳಿಗೆ ಮೇಲೆ, ಕಲ್ಲು ಇನ್ನೂ ಬಿಸಿ ಇರುವಾಗ. ಹಳೆ ಟೇಪಿನಲ್ಲಿ ಚಾರ್ಲಿಯ ಆ ಕೈಯಾಟ ಮುಗಿದಮೇಲೆ ಸ್ವಲ್ಪ ಹೊತ್ತು ಬರೀ ಸುಯ್ಯೆನ್ನುವ ಸದ್ದು, ಆಮೇಲೆ ಗುಂಡಿ ತಾನಾಗಿ ಟಕ್ ಎಂದು ಮೇಲೇಳುತ್ತಿತ್ತು. ಆ ಟಕ್ ಕೂಡ ಹಾಡಿನದ್ದೇ ಎಂದು ಕಿವಿ ನಂಬಿಬಿಟ್ಟಿದೆ. ಫೋನು ಅಷ್ಟು ಪುರಸೊತ್ತು ಕೊಡುವುದಿಲ್ಲ, ತಕ್ಷಣ ಇನ್ಯಾವುದೋ ಹಾಡಿಗೆ ಜಿಗಿಯುತ್ತದೆ. ಅದಕ್ಕೇ ಬೆರಳನ್ನು ಪರದೆಯ ಹತ್ತಿರವೇ ಹಿಡಿದು ಕೂತಿರುತ್ತೇನೆ. ಕೆಳಗಿನಿಂದ ಹೆಂಡತಿ ಕೂಗುತ್ತಾಳೆ:

‘ಮುಗೀತೇನ್ರಿ?’

‘ತಡಿ, ಚಾರ್ಲಿ ಇನ್ನಾ ಎದ್ದಿಲ್ಲ.’