ಗಡಿಯಾರ ಕಟ್ಟಿದ ಮಠಾಧಿಪತಿಯೂ ಅವನ ಕೋಣೆಯ ನೆಲಹಾಸೂ

ಯುರೋಪಿನ ಮಧ್ಯಯುಗವೆಂದರೆ ‘ಕತ್ತಲ ಯುಗ’ ಎಂದು ಶಾಲೆಯಲ್ಲಿ ಬಾಯಿಪಾಠ ಮಾಡಿದ ತಲೆಮಾರು ನಮ್ಮದು. ರೋಮ್ ಸಾಮ್ರಾಜ್ಯ ಬಿದ್ದ ಮೇಲೆ ಸುಮಾರು ಸಾವಿರ ವರ್ಷ ಅಲ್ಲಿ ಯಾರಿಗೂ ಹೊಸದೇನೂ ಹೊಳೆಯಲಿಲ್ಲ ಎಂಬುದು ಆ ಪಾಠದ ಸಾರವಾಗಿತ್ತು. ಈಚೆಗೆ ಅದಕ್ಕೆ ಎದುರಾಗಿ ಇನ್ನೊಂದು ಪಾಠ ಚಾಲ್ತಿಗೆ ಬಂದಿದೆ: ಕನ್ನಡಕ, ಗಾಳಿಗಿರಣಿ, ಯಾಂತ್ರಿಕ ಗಡಿಯಾರ ಎಂದು ಪಟ್ಟಿ ಮಾಡಿ ಮಧ್ಯಯುಗವನ್ನು ಕೊಂಡಾಡುವುದು. ಎರಡನೆಯ ಪಾಠದಲ್ಲಿ ಸತ್ಯ ಹೆಚ್ಚಿದೆ ಎಂದು ನಾನೂ ಒಪ್ಪುತ್ತೇನೆ. ಆದರೆ ಆ ಪಟ್ಟಿಗಳು ಯಂತ್ರದ ಹೆಸರು ಹೇಳಿ ಸುಮ್ಮನಾಗುತ್ತವೆ. ಅದು ಯಾರ ಒಡೆತನದಲ್ಲಿತ್ತು, ಅದಕ್ಕೆ ಯಾರು ಏನು ತೆತ್ತರು ಎಂಬುದನ್ನು ಹೇಳುವುದಿಲ್ಲ. ನನ್ನ ತಕರಾರು ಇಷ್ಟೇ, ಮತ್ತು ಅದನ್ನು ವಿವರಿಸಲು ನನಗೆ ಇಂಗ್ಲೆಂಡಿನ ಒಂದು ಊರು, ಒಬ್ಬ ಮನುಷ್ಯ ಸಾಕು.

ಊರು ಲಂಡನ್ನಿನ ಉತ್ತರಕ್ಕಿರುವ ಸೇಂಟ್ ಆಲ್ಬನ್ಸ್. ಅಲ್ಲಿನ ಬೆನೆಡಿಕ್ಟೈನ್ ಮಠ ದೇಶದ ಅತಿ ಶ್ರೀಮಂತ ಮಠಗಳಲ್ಲೊಂದು. ಮನುಷ್ಯ 1327ರಲ್ಲಿ ಅದರ ಅಧಿಪತಿಯಾದ ರಿಚರ್ಡ್ ಆಫ್ ವಾಲಿಂಗ್‌ಫರ್ಡ್. ಈತ ಕಮ್ಮಾರನ ಮಗ. ಚಿಕ್ಕಂದಿನಲ್ಲೇ ತಂದೆಯನ್ನು ಕಳೆದುಕೊಂಡು, ಸನ್ಯಾಸಿಯೊಬ್ಬರ ಆಸರೆಯಲ್ಲಿ ಬೆಳೆದು, ಆಕ್ಸ್‌ಫರ್ಡ್‌ನಲ್ಲಿ ಓದಿ, ಗ್ರಹಗಳ ಸ್ಥಾನವನ್ನು ಲೆಕ್ಕಹಾಕುವ ‘ಆಲ್ಬಿಯನ್’ ಎಂಬ ಉಪಕರಣವನ್ನು ರೂಪಿಸಿದವನು. ಕುಷ್ಠರೋಗದಿಂದ ಮೈ ಕರಗುತ್ತಿದ್ದಾಗಲೂ ಅವನು ಮಠದಲ್ಲಿ ಕಟ್ಟಲು ತೊಡಗಿದ್ದು ಒಂದು ಬೃಹತ್ ಖಗೋಳ ಗಡಿಯಾರವನ್ನು.

ಆ ಕಾಲಕ್ಕೆ ಯಾಂತ್ರಿಕ ಗಡಿಯಾರವೇ ಹೊಸತು. ಅದರ ತತ್ತ್ವ ಕೇಳಲು ಸುಲಭ: ಹಗ್ಗಕ್ಕೆ ಕಟ್ಟಿದ ಭಾರ ಕೆಳಗಿಳಿಯುತ್ತ ಚಕ್ರವನ್ನು ತಿರುಗಿಸುತ್ತದೆ. ಆದರೆ ಬಿಟ್ಟ ಭಾರ ಒಂದೇ ಸಮನೆ ಬಿದ್ದುಹೋಗುತ್ತದೆಯೇ ಹೊರತು ಕಾಲವನ್ನು ಅಳೆಯುವುದಿಲ್ಲ. ಅತ್ತಿತ್ತ ತೂಗುವ ಒಂದು ಅಡ್ಡಪಟ್ಟಿ ಆ ಚಕ್ರದ ಹಲ್ಲನ್ನು ಕ್ಷಣಕ್ಕೊಮ್ಮೆ ತಡೆದು, ಕ್ಷಣಕ್ಕೊಮ್ಮೆ ಬಿಡುವಂತೆ ಮಾಡಿದ್ದೇ ಇಲ್ಲಿನ ನಿಜವಾದ ಆವಿಷ್ಕಾರ. ಹದಿಮೂರನೆಯ ಶತಮಾನದ ಕೊನೆಯ ಹೊತ್ತಿಗೆ ಇದನ್ನು ಯಾರೋ ಕಂಡುಕೊಂಡರು; ಅವರ ಹೆಸರು ಉಳಿದಿಲ್ಲ. ರಿಚರ್ಡನ ಗಡಿಯಾರ ಗಂಟೆ ಬಾರಿಸುವುದರ ಜೊತೆಗೆ ಸೂರ್ಯನ ಚಲನೆ, ಚಂದ್ರನ ವೃದ್ಧಿ-ಕ್ಷಯ, ಗ್ರಹಣಗಳು, ಲಂಡನ್ ಸೇತುವೆಯ ಬಳಿಯ ಉಬ್ಬರವಿಳಿತ ಇವೆಲ್ಲವನ್ನೂ ತೋರಿಸುವಂತೆ ಯೋಜಿತವಾಗಿತ್ತು. ಸೂರ್ಯ ವರ್ಷವಿಡೀ ಒಂದೇ ವೇಗದಲ್ಲಿ ಚಲಿಸಿದಂತೆ ಕಾಣುವುದಿಲ್ಲವಾದ್ದರಿಂದ ಅದಕ್ಕೆ ತಕ್ಕ ಹಲ್ಲುಚಕ್ರವನ್ನೇ ಅವನು ಅಂಡಾಕಾರವಾಗಿ ಲೆಕ್ಕಹಾಕಿದ್ದ. ಕತ್ತಲ ಯುಗದ ಪಾಠವನ್ನು ಅಳಿಸಿಹಾಕಲು ಆ ಒಂದು ಚಕ್ರವೇ ಸಾಕು ಎಂದು ನನಗನ್ನಿಸುತ್ತದೆ.

ದೊರೆ ಮೂರನೆಯ ಎಡ್ವರ್ಡ್ ಒಮ್ಮೆ ಮಠಕ್ಕೆ ಬಂದಾಗ, ಚರ್ಚಿನ ಕಟ್ಟಡ ಪಾಳುಬೀಳುತ್ತಿರುವಾಗ ಗಡಿಯಾರಕ್ಕೆ ಇಷ್ಟೊಂದು ಹಣ ಸುರಿಯುವುದೇಕೆ ಎಂದು ಮೆಲ್ಲಗೆ ಆಕ್ಷೇಪಿಸಿದನಂತೆ. ಕಟ್ಟಡವನ್ನು ದುರಸ್ತಿ ಮಾಡುವವರು ನನ್ನ ನಂತರವೂ ಎಷ್ಟೋ ಜನ ಬರುತ್ತಾರೆ, ಈ ಕೆಲಸವನ್ನು ಮುಗಿಸಬಲ್ಲವರು ಬರಲಾರರು ಎಂದು ರಿಚರ್ಡ್ ವಿನಯದಿಂದಲೇ ಉತ್ತರಿಸಿದ. ಅವನು 1336ರಲ್ಲಿ ತೀರಿಕೊಂಡ. ಗಡಿಯಾರವನ್ನು ನಂತರದವರು ಪೂರ್ತಿಗೊಳಿಸಿದರು.

ಇಲ್ಲಿಗೆ ನಿಲ್ಲಿಸಿದರೆ ಇದು ಪಟ್ಟಿ ಮಾಡುವವರಿಗೆ ಪ್ರಿಯವಾದ ಕಥೆ. ಆದರೆ ಅದೇ ಮಠಾಧಿಪತಿ ಊರಿನವರ ಬೀಸುಕಲ್ಲುಗಳನ್ನು ಕಿತ್ತುಕೊಂಡವನೂ ಹೌದು.

ನೀರಿನ ಗಿರಣಿ ಮಧ್ಯಯುಗದ ಹೊಸ ಶೋಧವೇನಲ್ಲ, ರೋಮನ್ನರಿಗೂ ಗೊತ್ತಿತ್ತು. ಅದನ್ನು ಹಳ್ಳಿಹಳ್ಳಿಗೂ ಹರಡಿದ್ದು ಮಧ್ಯಯುಗ. 1086ರಲ್ಲಿ ಇಂಗ್ಲೆಂಡಿನ ದೊರೆ ಮಾಡಿಸಿದ ಆಸ್ತಿ ಲೆಕ್ಕದಲ್ಲಿ 5,600ಕ್ಕೂ ಹೆಚ್ಚು ಗಿರಣಿಗಳು ಸಿಗುತ್ತವೆ. ನೀರಚಕ್ರದ ಅಚ್ಚಿಗೆ ಮೊಳೆಯಂಥ ಚಾಚುಗಳನ್ನು ಕೂರಿಸಿ, ಅವು ಸುತ್ತಿದಾಗಲೆಲ್ಲ ಮರದ ಸುತ್ತಿಗೆಗಳು ಎದ್ದು ಬೀಳುವಂತೆ ಮಾಡಿದ ಮೇಲೆ, ನೇಯ್ದ ಉಣ್ಣೆಬಟ್ಟೆಯನ್ನು ಕಾಲಿನಿಂದ ತುಳಿದು ಗಟ್ಟಿ ಮಾಡುವ ಕೆಲಸವೂ ನದಿಯ ಪಾಲಾಯಿತು. ಗಿರಣಿ ಕಟ್ಟಲು, ಒಡ್ಡು ಹಾಕಲು ದೊಡ್ಡ ಬಂಡವಾಳ ಬೇಕು. ಅದು ಇದ್ದದ್ದು ಜಮೀನುದಾರರ ಮತ್ತು ಮಠಗಳ ಬಳಿ. ಹಾಕಿದ ಹಣ ಹಿಂತಿರುಗಬೇಕಾದರೆ ಜನ ಅಲ್ಲಿಗೇ ಬರಬೇಕು. ಆದ್ದರಿಂದ ಸೇಂಟ್ ಆಲ್ಬನ್ಸ್‌ನವರು ಕಾಳನ್ನು ಮಠದ ಗಿರಣಿಯಲ್ಲೇ ಬೀಸಿಸಿ ಅದಕ್ಕೆ ಪಾಲು ಕೊಡಬೇಕು, ಬಟ್ಟೆಯನ್ನೂ ಮಠದ ಗಿರಣಿಯಲ್ಲೇ ಕುಟ್ಟಿಸಬೇಕು ಎಂಬ ಕಟ್ಟಳೆ ಬಂತು. 1270ರ ದಶಕದಲ್ಲಿ ಊರಿನವರು ಇದನ್ನು ಧಿಕ್ಕರಿಸಿದರು, ಊರಿಗೆ ಬಂದ ರಾಣಿಯ ಮುಂದೆ ಹೆಂಗಸರು ದೂರು ಹೇಳಿಕೊಂಡರು, ಕಡೆಗೆ ನ್ಯಾಯಾಲಯದಲ್ಲಿ ಸೋತರು.

ಮನೆಯ ಮೂಲೆಯಲ್ಲಿ ಕೂತು ಕೈಯಿಂದ ತಿರುಗಿಸುವ ಬೀಸುಕಲ್ಲು ಹೀಗೆ ಆ ಊರಿನಲ್ಲಿ ಅಪರಾಧದ ವಸ್ತುವಾಯಿತು. ಬೀಸುವುದು ರಟ್ಟೆ ಮುರಿಯುವ ಕೆಲಸವೆಂಬುದು ನಮ್ಮ ಅಜ್ಜಿಯರನ್ನು ಕಂಡವರಿಗೆ ಗೊತ್ತು. ಆ ಶ್ರಮವನ್ನು ಉಳಿಸುವ ಗಿರಣಿ ಪಕ್ಕದಲ್ಲೇ ಇದ್ದರೂ ಜನ ಹಟ ಹಿಡಿದು ಕಲ್ಲನ್ನೇ ತಿರುಗಿಸಿದರೆಂದರೆ, ಅವರನ್ನು ಹಳೆಯದಕ್ಕೆ ಅಂಟಿಕೊಂಡ ದಡ್ಡರೆಂದು ಕರೆಯಲು ನನಗೆ ಮನಸ್ಸು ಬರುವುದಿಲ್ಲ. 1327ರ ಗಲಭೆಯಲ್ಲಿ ಮಠವನ್ನು ಮುತ್ತಿ ಗಳಿಸಿಕೊಂಡ ಹಕ್ಕುಗಳ ಬಲದಿಂದ ಅವರು ಮನೆಗಳಲ್ಲಿ ಕಲ್ಲುಗಳನ್ನು ಹೂಡಿದರು. ಕೆಲವೇ ವರ್ಷಗಳಲ್ಲಿ ರಿಚರ್ಡ್ ಆ ಹಕ್ಕುಗಳನ್ನು ಹಿಂತೆಗೆಸಿ, ಕಲ್ಲುಗಳನ್ನು ವಶಪಡಿಸಿಕೊಂಡ. ಮಠದ ಸಂದರ್ಶನ ಕೋಣೆಯ ನೆಲಕ್ಕೆ ಅವನ್ನೇ ಹಾಸಲಾಯಿತು. ಮಠಕ್ಕೆ ಅಹವಾಲು ಹೊತ್ತು ಬಂದವರ ಕಾಲ ಕೆಳಗೆ ಅವರದೇ ಮನೆಯ ಕಲ್ಲು.

ಸುಮಾರು ಐವತ್ತು ವರ್ಷಗಳ ನಂತರ, 1381ರ ರೈತರ ದಂಗೆಯಲ್ಲಿ, ವಿಲಿಯಂ ಗ್ರಿಂಡ್‌ಕಾಬ್ ಎಂಬವನ ಮುಂದಾಳ್ತನದಲ್ಲಿ ಊರಿನವರು ಮಠಕ್ಕೆ ನುಗ್ಗಿದರು. ಆ ಕೋಣೆಯ ನೆಲವನ್ನು ಅಗೆದು, ಕಲ್ಲುಗಳನ್ನು ಒಡೆದು, ಭಾನುವಾರ ಚರ್ಚಿನಲ್ಲಿ ಪ್ರಸಾದದ ರೊಟ್ಟಿಯನ್ನು ಹಂಚುವಂತೆ ಚೂರು ಚೂರಾಗಿ ಹಂಚಿಕೊಂಡು ಮನೆಗೆ ಒಯ್ದರು. ಗ್ರಿಂಡ್‌ಕಾಬ್‌ನನ್ನು ಗಲ್ಲಿಗೇರಿಸಲಾಯಿತು. ಗಡಿಯಾರ ಮಾತ್ರ ಎಂಟನೆಯ ಹೆನ್ರಿ ಮಠಗಳನ್ನು ಮುಚ್ಚಿಸುವವರೆಗೂ ಉಳಿದಿತ್ತು. ಅದರ ವಿವರಗಳಿದ್ದ ಹಸ್ತಪ್ರತಿ ಇಪ್ಪತ್ತನೆಯ ಶತಮಾನದಲ್ಲಿ ಆಕ್ಸ್‌ಫರ್ಡ್‌ನ ಗ್ರಂಥಾಲಯದಲ್ಲಿ ಬೆಳಕಿಗೆ ಬಂದು, ಈಗ ಅದರ ಮಾದರಿಗಳನ್ನೂ ಕಟ್ಟಿದ್ದಾರೆ. ಕಲ್ಲು ಹಂಚಿಕೊಂಡವರು ತಮ್ಮ ಬಗ್ಗೆ ಒಂದಕ್ಷರವನ್ನೂ ಬರೆದಿಡಲಿಲ್ಲ. ಆ ಪ್ರಸಾದದ ಹೋಲಿಕೆ ಕೂಡ ಥಾಮಸ್ ವಾಲ್ಸಿಂಗ್‌ಹ್ಯಾಮ್‌ನದು. ಅವನು ಅದೇ ಮಠದ ಸನ್ಯಾಸಿ, ಮತ್ತು ಅದನ್ನು ಬರೆದದ್ದು ಅವರ ಮೇಲಿನ ಸಿಟ್ಟಿನಿಂದ.