ಮೂವತ್ತನೆಯ ಸೆಕೆಂಡಿನ ಮೋಕ್ಷ

ಇಷ್ಟು ವರ್ಷ ಮುಖವಾಡದ ಹಿಂದೆ ಕುಳಿತು ಸಿಂಥಸೈಜರುಗಳಿಂದ ಗೊರಗೊರ ಸದ್ದು ಹೊರಡಿಸುತ್ತಿದ್ದ ಇನ್ನೊಬ್ಬ ಇಂಡೀ, ಅಂದರೆ ದೊಡ್ಡ ಕಂಪನಿಗಳ ಹಂಗಿಲ್ಲದ, ಎಲೆಕ್ಟ್ರಾನಿಕ್ ಸಂಗೀತಗಾರರು ಪಾಪ್ ಲೋಕಕ್ಕೆ ಪಾದ ಬೆಳೆಸಿದ್ದಾರೆ. ಹಾಡಿಗಿಂತ ಮೊದಲೇ ಬಂದ ಪ್ರಕಟಣೆಯು, ಇಂಥ ಪ್ರಕಟಣೆಗಳು ಎಂದೂ ಇರುವಂತೆ, ಸನ್ಯಾಸ ಸ್ವೀಕಾರದ ಧಾಟಿಯಲ್ಲಿದೆ. ತಮ್ಮೊಳಗಿನ ಗೋಡೆಗಳನ್ನು ಅವರು ಕೆಡವಿದ್ದಾರಂತೆ. ತಮ್ಮ ನಿಜಸ್ವರೂಪವನ್ನು ಮೊದಲ ಬಾರಿಗೆ ಕಂಡುಕೊಂಡಿದ್ದಾರಂತೆ. ಆ ನಿಜಸ್ವರೂಪವು ಸರಿಯಾಗಿ ಎರಡೂವರೆ ನಿಮಿಷ ಉದ್ದವಿದ್ದು, ಅರ್ಧ ನಿಮಿಷ ತುಂಬುವ ಮೊದಲೇ ಪಲ್ಲವಿಗೆ ಬಂದು ನಿಲ್ಲುವುದು ಕೇವಲ ಕಾಕತಾಳೀಯವೆಂದು ನಾವು ನಂಬಬೇಕು.

ಅಂತರ್ಜಾಲದಲ್ಲಿ ಹಾಡು ಕೇಳಿಸುವ ಸ್ಪಾಟಿಫೈನಲ್ಲಿ 30 ಸೆಕೆಂಡು ಕೇಳಿಸಿಕೊಂಡ ಹಾಡು ಮಾತ್ರ ಲೆಕ್ಕಕ್ಕೆ ಸೇರುತ್ತದೆ. 2024ರಿಂದೀಚೆಗೆ, ಹಿಂದಿನ 12 ತಿಂಗಳಲ್ಲಿ ಕನಿಷ್ಠ 1,000 ಸಲ ಕೇಳಿಸಿಕೊಳ್ಳದ ಹಾಡಿನ ಧ್ವನಿಮುದ್ರಣಕ್ಕೆ ಬಿಡಿಗಾಸಿನ ರಾಯಧನವೂ ಇಲ್ಲ. ಮೊದಲ ನಾಲ್ಕು ನಿಮಿಷ ಬರಿದೇ ಗುಂಯ್‌ಗುಡುತ್ತ ವಾತಾವರಣ ಕಟ್ಟುತ್ತಿದ್ದವರಿಗೆ ಈ ನಿಯಮವನ್ನು ಓದಿದ ಮೇಲೂ ಆತ್ಮಸಾಕ್ಷಾತ್ಕಾರವಾಗದಿದ್ದರೆ ಅದೇ ಆಶ್ಚರ್ಯ.

ಹಾಡುಗಳ ಹೆಸರನ್ನೂ ಗಮನಿಸಬೇಕು. ಹಿಂದೆ ಅವು ಕಂಪ್ಯೂಟರಿನಲ್ಲಿ ಉಳಿಸಿ ಮರೆತ ಕಡತಗಳಂತೆ ಅಂಕಿ, ಅಡ್ಡಗೆರೆ ಮತ್ತು ಸ್ವರವಿಲ್ಲದ ವ್ಯಂಜನಗಳ ಗುಂಪಾಗಿರುತ್ತಿದ್ದವು. ಅವನ್ನು ಉಚ್ಚರಿಸಬಲ್ಲವರೇ ನಿಜವಾದ ಅಭಿಮಾನಿಗಳು. ಈಗಿನ ಹೆಸರುಗಳು ಸ್ಮಾರ್ಟ್ ಸ್ಪೀಕರಿಗೂ ಅರ್ಥವಾಗುತ್ತವೆ. ಒಬ್ಬರೇ ಕೋಣೆಯ ಬಾಗಿಲು ಮುಚ್ಚಿಕೊಂಡು ಮಾಡುತ್ತಿದ್ದ ಸಂಗೀತಕ್ಕೆ ಈಗ ಎಂಟು ಮಂದಿ ರಚನಕಾರರಿದ್ದು, ಅಷ್ಟೂ ಜನ ಸೇರಿ ಒಬ್ಬರ ಒಂಟಿತನವನ್ನು ಬರೆದುಕೊಟ್ಟಿದ್ದಾರೆ.

ಹಾಗೆ ನೋಡಿದರೆ ಈ ದಾರಿ ಹೊಸದಲ್ಲ. ಜರ್ಮನಿಯ ಕ್ರಾಫ್ಟ್‌ವೆರ್ಕ್ ತಂಡವು 1974ರಲ್ಲಿ ಹೆದ್ದಾರಿಯ ಪಯಣವನ್ನು ಕುರಿತು, ಧ್ವನಿಮುದ್ರಿಕೆಯ ಒಂದು ಬದಿಯನ್ನು ಇಡಿಯಾಗಿ ತುಂಬುವಂತೆ, 22 ನಿಮಿಷಗಳನ್ನು ಮೀರಿದ ‘ಆಟೋಬಾನ್’ ಕೃತಿಯನ್ನು ರಚಿಸಿತು. ಅದನ್ನು ಸುಮಾರು ಮೂರೂವರೆ ನಿಮಿಷಕ್ಕೆ ಕತ್ತರಿಸಿದ ಆವೃತ್ತಿಯೇ ರೇಡಿಯೊದಲ್ಲಿ ಓಡಿ, 1975ರಲ್ಲಿ ಅಮೆರಿಕದ ಬಿಲ್‌ಬೋರ್ಡ್ ಪಟ್ಟಿಯ 25ನೆಯ ಸ್ಥಾನಕ್ಕೆ ಏರಿತು. ರಸ್ತೆಯ ಬಹುಪಾಲು ಹೋಯಿತು, ಊರು ಬೇಗ ಸಿಕ್ಕಿತು. ಅಮೆರಿಕದ ಎಲೆಕ್ಟ್ರಾನಿಕ್ ಸಂಗೀತಗಾರ ಮೋಬಿಯಂತೂ 1999ರ ‘ಪ್ಲೇ’ ಆಲ್ಬಮ್ಮಿನ ಒಂದು ಹಾಡನ್ನೂ ಬಿಡದೆ ಜಾಹೀರಾತು, ಸಿನಿಮಾ, ಟಿವಿಗಳಿಗೆ ಪರವಾನಗಿ ಕೊಟ್ಟರು. ವ್ಯಾಪಾರವು ವ್ಯಾಪಾರದ ಹೆಸರಿನಲ್ಲಿಯೇ ನಡೆದರೆ ನೋಡಲು ಅಷ್ಟೇನೂ ಅಸಹ್ಯವಾಗಿರುವುದಿಲ್ಲ.

ಇನ್ನು ಹಳೆಯ ಅಭಿಮಾನಿಗಳು. ತಮ್ಮ ದೇವರು ತನ್ನನ್ನು ಮಾರಿಕೊಂಡನೆಂದು ಅವರು ಎದೆ ಬಡಿದುಕೊಳ್ಳುತ್ತಿದ್ದಾರೆ. ಆದರೆ ಆ ದೇವರು ಮಾರಾಟಕ್ಕಿಟ್ಟಿದ್ದ ಧ್ವನಿಮುದ್ರಿಕೆಗಳನ್ನು ಇವರಲ್ಲಿ ಹೆಚ್ಚಿನವರು ಕೊಳ್ಳಲಿಲ್ಲ. ಪುಕ್ಕಟೆಯಾಗಿ ಕೇಳಿದರು, ಯಾರಿಗೂ ಗೊತ್ತಿಲ್ಲದವರನ್ನು ತಾವು ಮೊದಲೇ ಕೇಳಿದ್ದೆವೆಂದು ಮೆರೆದರು. ಅವರು ಕಳೆದುಕೊಂಡಿರುವುದು ಆ ಮೆರೆಯುವ ಹಕ್ಕನ್ನು ಮಾತ್ರ.

ನಗುವುದಕ್ಕೂ ಒಂದು ಮಿತಿಯಿದೆ. ಏಳು ನಿಮಿಷದ ಒಳ್ಳೆಯ ಕೆಲಸವನ್ನು ಪ್ರಾಮಾಣಿಕವಾಗಿ ಮಾಡಿದ ಒಬ್ಬರಿಗೆ ಅದರಿಂದ ಹೊಟ್ಟೆ ತುಂಬಲಿಲ್ಲ. ಕೇಳಿದವರು ಹಣ ಕೊಡಲಿಲ್ಲ, ಕೇಳಿಸಿದ ಕಂಪನಿಗಳೂ ಕೊಡಲಿಲ್ಲ. ಹೀಗೆ ಬೇಸತ್ತು ದಾರಿ ಬದಲಿಸಿದವರ ಕೈಯಲ್ಲಿ, ಇದು ಸೋಲಲ್ಲ ವಿಕಾಸ ಎಂದು ನಗುನಗುತ್ತ ಹೇಳಿಸುತ್ತಾರಲ್ಲ, ಅದು ನನಗೆ ಸಹಿಸಲಾಗದ ಸಂಗತಿ. ಬಾಡಿಗೆ ಕಟ್ಟಲು ದುಡ್ಡು ಬೇಕಿತ್ತು ಎಂಬ ಒಂದೇ ಸಾಲಿನ ಪ್ರಕಟಣೆ ಸಾಕಾಗಿತ್ತು. ಅದನ್ನು ಬರೆಯಲು ಎಂಟು ಮಂದಿಯೂ ಬೇಕಾಗುತ್ತಿರಲಿಲ್ಲ.