ನಾವು ದಿನಾ ಹತ್ತುವ ಚಿಗರಿ

ಧಾರವಾಡದಿಂದ ಹುಬ್ಬಳ್ಳಿಗೆ ದಿನಾ ಚಿಗರಿ ಬಸ್ಸಿನಲ್ಲಿ ಹೋಗಿ ಬರುತ್ತೇನೆ. ಹೋದ ವಾರ ಪಕ್ಕದ ಸೀಟಿನಲ್ಲಿ ಒಬ್ಬ ತಾಯಿ ಕೂತಿದ್ದರು, ತೊಡೆಯ ಮೇಲೆ ಐದಾರು ವರ್ಷದ ಮಗ. ನವನಗರ ದಾಟುವಾಗ ಹುಡುಗ ಕೇಳಿದ, "ಯವ್ವಾ, ಚಿಗರಿ ಅಂದ್ರ ಏನು?"

"ಇದ ನೋಡು, ಈ ಬಸ್ಸು," ಅಂದರು ಆ ತಾಯಿ.

ಅವರು ಹೇಳಿದ್ದರಲ್ಲಿ ತಪ್ಪೇನಿಲ್ಲ. ಹುಬ್ಬಳ್ಳಿ-ಧಾರವಾಡದಲ್ಲಿ ಇವತ್ತು ಚಿಗರಿ ಅಂದರೆ ಬಸ್ಸೇ ಅಲ್ವಾ? "ಚಿಗರಿ ಬಂತೇನ್ರಿ", "ಚಿಗರಿ ತಪ್ಪಿಸ್ಕೊಂಡೆ" ಅಂತ ದಿನಾ ಹೇಳುತ್ತೇವೆ. ಆದರೂ ನನಗೆ ಸುಮ್ನೆ ಕೂರಲು ಆಗಲಿಲ್ಲ. ಹುಡುಗನ ಕಡೆ ತಿರುಗಿ ಹೇಳಿದೆ, "ಚಿಗರಿ ಅಂದ್ರ ಒಂದು ಪ್ರಾಣಿ ಪಾ. ಗಂಡು ಇದ್ರ ಬೆನ್ನು ಕರ್ರಗ, ಹೊಟ್ಟಿ ಬೆಳ್ಳಗ. ತಿರುವು ತಿರುವಾಗಿ ಉದ್ದನ ಕೋಡು ಇರ್ತಾವ. ಓಡಾಕ ಹತ್ತಿದ್ರ ನಮ್ಮ ಬಸ್ಸಿಗೂ ಸಿಗೂದಿಲ್ಲ."

"ಎಲ್ಲೈತ್ರಿ ಅದು?"

"ರಾಣೆಬೆನ್ನೂರಾಗ."

"ಇಲ್ಲಿ ಇಲ್ಲೇನ್ರಿ?"

ಅಷ್ಟರಲ್ಲಿ ಅವರು ಇಳಿಯುವ ಸ್ಟಾಪ್ ಬಂತು. ಹುಡುಗ ಕೈ ಬೀಸಿ ಇಳಿದು ಹೋದ. ನನಗೆ ಮಾತ್ರ ಆ "ಇಲ್ಲಿ ಇಲ್ಲೇನ್ರಿ" ವಾರವಿಡೀ ಕಿವಿಯಲ್ಲೇ ಇದೆ. ಅದಕ್ಕೇ ಇಷ್ಟು ಉದ್ದ ಬರೆಯುತ್ತಿದ್ದೇನೆ. ದಯವಿಟ್ಟು ಪೂರ್ತಿ ಓದಿ.

ನಮ್ಮ ಕಡೆಯವರಿಗೆ ಕಾಡುಪ್ರಾಣಿ ಅಂದರೆ ದಾಂಡೇಲಿ, ಬಂಡೀಪುರ, ಕಬಿನಿ. ಮಕ್ಕಳಿಗೆ ಪ್ರಾಣಿ ತೋರಿಸಬೇಕು ಅಂದರೆ ಗಾಡಿ ಹತ್ತಿ ಅತ್ತ ಹೋಗುತ್ತೇವೆ. ನಮ್ಮದು ಬಯಲು ಸೀಮೆ, ಇಲ್ಲೇನಿದೆ, ಬರೀ ಹೊಲ ಅನ್ನುತ್ತೇವೆ. ನಾನೂ ಬಹಳ ವರ್ಷ ಹಾಗೇ ಅಂದುಕೊಂಡಿದ್ದೆ. ಆದರೆ ನಮ್ಮ ಬಯಲಿಗೂ ಅದರದ್ದೇ ಪ್ರಾಣಿಗಳಿದ್ದವು. ಚಿಗರಿ (ಪುಸ್ತಕದ ಮಾತಿನಲ್ಲಿ ಕೃಷ್ಣಮೃಗ), ತೋಳ, ನರಿ, ಕತ್ತೆಕಿರುಬ. ಇವು ದಟ್ಟ ಕಾಡು ಹುಡುಕಿಕೊಂಡು ಹೋಗುವಂಥವಲ್ಲ. ಇವುಗಳಿಗೆ ಬೇಕಾದ್ದು ಹುಲ್ಲು, ಕುರುಚಲು, ಕಣ್ಣು ಹಾಯಿಸಿದಷ್ಟು ದೂರ ಕಾಣುವ ಬಯಲು.

ಮತ್ತೆ ಎರೆಭೂತ.

ಈ ಹೆಸರು ನಾನು ಮೊದಲು ಕೇಳಿದ್ದು ನನ್ನ ಅಜ್ಜನ ಬಾಯಲ್ಲಿ. ನಮ್ಮ ಊರು ರಾಣೆಬೆನ್ನೂರು ತಾಲೂಕಿನದು. ರಾತ್ರಿ ಹೊಲದ ಕಾವಲಿಗೆ ಹೋದಾಗ, ಜೋಳದ ಬೆಳೆಯ ಆಚೆ ಮನುಷ್ಯ ನಿಂತ ಹಾಗೆ ಒಂದು ಹಕ್ಕಿ ನಿಂತಿರುತ್ತಿತ್ತಂತೆ. ಹತ್ತಿರ ಹೋದರೆ ಇರುತ್ತಿರಲಿಲ್ಲ. "ಎರಿ ಹೊಲದಾಗಿನ ಭೂತ ಅದು ತಮ್ಮಾ, ಕಂಡಾಂಗ ಕಂಡು ಮಾಯ ಆಗ್ತಿತ್ತು," ಅನ್ನುತ್ತಿದ್ದ. ಚಿಕ್ಕವನಿದ್ದಾಗ ಅದು ಭೂತದ ಕಥೆ ಅಂತಲೇ ನಂಬಿ ಹೊದ್ದುಕೊಂಡು ಮಲಗುತ್ತಿದ್ದೆ. ಅದು ನಿಜವಾದ ಹಕ್ಕಿ ಅಂತ ತಿಳಿಯುವ ಹೊತ್ತಿಗೆ ಅಜ್ಜನೂ ಇರಲಿಲ್ಲ, ಹಕ್ಕಿಯೂ ಇರಲಿಲ್ಲ.

ಪುಸ್ತಕಗಳಲ್ಲಿ ಇದನ್ನು ದೊರೆವಾಯನ ಹಕ್ಕಿ ಎಂದೂ ಕರೆಯುತ್ತಾರೆ. ಇಂಗ್ಲಿಷಿನಲ್ಲಿ ಗ್ರೇಟ್ ಇಂಡಿಯನ್ ಬಸ್ಟರ್ಡ್. ನಿಂತರೆ ಸುಮಾರು 1 ಮೀಟರ್ ಎತ್ತರ. ಗಂಡು 15 ಕಿಲೋವರೆಗೂ ತೂಗುತ್ತದೆ. ಹಾರುವ ಹಕ್ಕಿಗಳಲ್ಲಿ ಇಷ್ಟು ಭಾರದವು ಜಗತ್ತಿನಲ್ಲೇ ಕಡಿಮೆ. ಗೂಡು ಕಟ್ಟುವುದಿಲ್ಲ, ಬಯಲಲ್ಲಿ ನೆಲದ ಮೇಲೇ ಮೊಟ್ಟೆ ಇಡುತ್ತದೆ. ಅದೂ ಸಾಮಾನ್ಯವಾಗಿ ವರ್ಷಕ್ಕೆ ಒಂದೇ ಒಂದು. ನಾಯಿ ಬಂದು ತಿಂದರೆ, ಟ್ರ್ಯಾಕ್ಟರ್ ಮೇಲೆ ಹಾಯ್ದರೆ, ಆ ವರ್ಷದ ಸಂಸಾರ ಮುಗಿಯಿತು. ಇದನ್ನೇ ನಮ್ಮ ರಾಷ್ಟ್ರಪಕ್ಷಿ ಮಾಡಬೇಕು ಅಂತ ಪಕ್ಷಿತಜ್ಞ ಸಲೀಂ ಅಲಿ ಒತ್ತಾಯಿಸಿದ್ದರು. 1963ರಲ್ಲಿ ಆ ಗೌರವ ನವಿಲಿಗೆ ಸಿಕ್ಕಿತು. 1969ರ ಸುಮಾರಿಗೆ ದೇಶದಲ್ಲಿ 1,260ರಷ್ಟು ಎರೆಭೂತಗಳಿದ್ದವು ಎಂಬ ಅಂದಾಜಿದೆ. ಈಗ ಕಾಡಿನಲ್ಲಿ ಉಳಿದಿರುವುದು 150ರ ಆಸುಪಾಸು ಅನ್ನುತ್ತಾರೆ. ಹೆಚ್ಚಿನವು ರಾಜಸ್ಥಾನದಲ್ಲಿ. ಕರ್ನಾಟಕದಲ್ಲಿ ಬಳ್ಳಾರಿ ಜಿಲ್ಲೆಯ ಸಿರುಗುಪ್ಪದ ಕಡೆ ಬೆರಳೆಣಿಕೆಯಷ್ಟು.

ನಮ್ಮ ರಾಣೆಬೆನ್ನೂರಿನಲ್ಲಿ ಇದಕ್ಕೆ ಅಂತಲೇ ಜಾಗ ಇತ್ತು. 1974ರಲ್ಲಿ ಅಲ್ಲಿ ಸುಮಾರು 119 ಚದರ ಕಿಲೋಮೀಟರ್ ಅಭಯಾರಣ್ಯ ಆಯಿತು. ಚಿಗರಿ ಮತ್ತು ಎರೆಭೂತ ಎರಡೂ ಅಲ್ಲಿ ಇದ್ದವು. ಚಿಗರಿ ಉಳಿಯಿತು, ಇವತ್ತು ಸಾವಿರಾರು ಇವೆ. ಎರೆಭೂತ ಹೋಯಿತು. ಒಂದೇ ಅಭಯಾರಣ್ಯ, ಒಂದೇ ಕಾನೂನು. ಹಾಗಾದರೆ ಏನಾಯಿತು?

ಒಮ್ಮೆ ಹೋಗಿ ನೋಡಿ, ಕಣ್ಣಿಗೇ ಕಾಣುತ್ತದೆ. ಅಲ್ಲಿ ಸಾಲು ಸಾಲು ನೀಲಗಿರಿ. ಹುಲ್ಲುಗಾವಲಿನ ಮೇಲೆ ನೀಲಗಿರಿ ಹಚ್ಚಿದ್ದರು. ಯಾರೂ ಕೆಟ್ಟದ್ದು ಮಾಡಬೇಕು ಅಂತ ಹಚ್ಚಲಿಲ್ಲ. ಖಾಲಿ ಜಾಗ, ಬೋಳು ಜಾಗ, ಹಸಿರು ಮಾಡೋಣ ಅಂತ ಹಚ್ಚಿದರು. ಚಿಗರಿ ಹೇಗೋ ಹೊಂದಿಕೊಂಡಿತು, ಹಗಲು ಗಿಡಗಳ ನಡುವೆ ಇದ್ದು ಹೊತ್ತು ಮುಳುಗಿದ ಮೇಲೆ ಹೊಲಕ್ಕೆ ಇಳಿಯುತ್ತದೆ. ಎರೆಭೂತಕ್ಕೆ ಅದು ಆಗಲಿಲ್ಲ. ನಾಲ್ಕೂ ಕಡೆ ದೂರದವರೆಗೆ ಕಾಣದಿದ್ದರೆ ಆ ಹಕ್ಕಿ ಬಾಳುವುದಿಲ್ಲ. ಅಂದರೆ ನಾವು ಗಿಡ ಕಡಿದು ಅಲ್ಲ, ಗಿಡ ಹಚ್ಚಿ ಅದನ್ನು ಓಡಿಸಿದೆವು. ಇದು ಅರ್ಥವಾಗಲು ನನಗೆ ಬಹಳ ವರ್ಷ ಬೇಕಾಯಿತು.

ಜುಲೈನಲ್ಲಿ ನಾನೇ ಇಂಥ ಕೆಲಸಕ್ಕೆ ಹೋಗಿದ್ದೆ. ಧಾರವಾಡದ ಹೊರಗೆ ಒಂದು ಗುಡ್ಡದ ಬಯಲು, ಒಂದು ಗೆಳೆಯರ ಬಳಗದವರು ಭಾನುವಾರ ಸಸಿ ನೆಡುವ ಕಾರ್ಯಕ್ರಮ ಇಟ್ಟಿದ್ದರು. ಸುಮಾರು ಐವತ್ತು ಜನ ಇದ್ದೆವು. ಗುಂಡಿ ತೋಡುವಾಗ ಒಬ್ಬ ಕುರಿ ಕಾಯುವ ಹಿರಿಯರು ಬಂದು ನಿಂತರು. ಹೆಗಲ ಮೇಲೆ ಕಂಬಳಿ. ಬಹಳ ಹೊತ್ತು ಸುಮ್ನೆ ನೋಡಿ ಕೇಳಿದರು, "ಇಲ್ಲಿ ಯಾಕ ಗಿಡಾ ಹಚ್ಚಾಕತ್ತೀರಿ ಸರ್?"

"ಹಾಳು ಬಿದ್ದದ ಅಲ್ರೀ ಅಜ್ಜಾರ, ಹಸಿರು ಮಾಡೂನಂತ," ಅಂದ ನಮ್ಮಲ್ಲೊಬ್ಬ ಹುಡುಗ.

"ಹಾಳು ಎಲ್ಲಿ ಬಿದ್ದದ್ರಿ? ಇದು ನಮ್ಮ ಗಾಯರಾಣ. ಮಳಿ ಆದ ಮ್ಯಾಲೆ ಬಂದು ನೋಡ್ರಿ, ಇಷ್ಟೆತ್ತರ ಹುಲ್ಲು ಇರ್ತೈತಿ. ಮೊಲಾ ಅದಾವು, ನರಿ ಅದಾವು. ಕವಜಗನ ಹಕ್ಕಿ ತತ್ತಿ ಇಡೂದು ಇಲ್ಲೇ."

ಅವರ ಮಾತಿಗೆ ಯಾರೂ ಉತ್ತರ ಕೊಡಲಿಲ್ಲ. ಫೋಟೋ ತೆಗೆದುಕೊಂಡು ವಾಪಸ್ ಬಂದೆವು. ನನ್ನ ಫೋಟೋಗೆ ಲೈಕ್ ಕೂಡ ಜಾಸ್ತಿ ಬಂದವು. ಆದರೆ ಆ ಹಿರಿಯರ "ಹಾಳು ಎಲ್ಲಿ ಬಿದ್ದದ್ರಿ" ಅನ್ನುವ ಪ್ರಶ್ನೆ ಅವತ್ತಿನಿಂದ ನನ್ನನ್ನು ಬಿಟ್ಟಿಲ್ಲ.

ನನಗೆ ಅನಿಸುವುದು ಇಷ್ಟು. ನಮ್ಮ ಬಯಲಿನ ಪ್ರಾಣಿಗಳಿಗೆ ಬಂದೂಕಿಗಿಂತ ದೊಡ್ಡ ಏಟು ಕೊಟ್ಟದ್ದು ಈ ಒಂದು ಮಾತು: ಹಾಳು ಭೂಮಿ. ಕಾಗದದ ಮೇಲೂ ಹಾಗೇ. ಸರ್ಕಾರದ ಪಾಳು ಭೂಮಿಯ ನಕ್ಷೆಗಳಲ್ಲಿ ಎಷ್ಟೋ ಹುಲ್ಲುಗಾವಲು, ಕುರುಚಲು ಕಾಡು ಸೇರಿಹೋಗಿವೆ. ಒಂದು ಸಲ ಹಾಳು ಅಂತ ಬರೆದ ಮೇಲೆ ಆ ಜಾಗದಲ್ಲಿ ಏನು ಬೇಕಾದರೂ ಮಾಡಬಹುದು. ನೀಲಗಿರಿ ಹಚ್ಚಬಹುದು, ಲೇಔಟ್ ಮಾಡಬಹುದು, ಕಲ್ಲು ಒಡೆಯಬಹುದು, ಊರ ಕಸ ಸುರಿಯಬಹುದು. ಅಲ್ಲಿ ಇದ್ದ ತೋಳ ಎಲ್ಲಿಗೆ ಹೋಯಿತು ಅಂತ ಯಾರೂ ಕೇಳುವುದಿಲ್ಲ. ಹಾಳು ಜಾಗದಲ್ಲಿ ಏನೂ ಇರಲಿಲ್ಲ ಅಂತ ನಾವು ಮೊದಲೇ ನಂಬಿಬಿಟ್ಟಿದ್ದೇವೆ.

ಬಯಲು ಕಳೆದುಕೊಂಡರೆ ಎಂಥ ಪ್ರಾಣಿಯೂ ಹೋಗಬಹುದು. ಶಿವಂಗಿಯನ್ನೇ ನೋಡಿ, ನಾವೀಗ ಚೀತಾ ಅನ್ನುತ್ತೇವಲ್ಲ, ಅದು. ಚಿಗರಿಯನ್ನು ಓಡಿಸಿ ಹಿಡಿಯುತ್ತಿದ್ದ ಪ್ರಾಣಿ. ರಾಜರು ಅದನ್ನು ಹಿಡಿದು ಪಳಗಿಸಿ ಚಿಗರಿ ಬೇಟೆಗೆ ಬಿಡುತ್ತಿದ್ದರು. ಬೇಟೆಯೂ ಆಯಿತು, ಬಯಲೂ ಹೋಯಿತು. 1952ರಲ್ಲಿ ನಮ್ಮ ದೇಶದಲ್ಲಿ ಅದು ಅಳಿದುಹೋಯಿತು ಎಂದು ಘೋಷಿಸಿದರು. 2022ರಲ್ಲಿ ನಮೀಬಿಯಾದಿಂದ ವಿಮಾನದಲ್ಲಿ 8 ಚೀತಾ ತಂದು ಮಧ್ಯಪ್ರದೇಶದ ಕುನೋದಲ್ಲಿ ಬಿಟ್ಟಾಗ ಎಲ್ಲರ ಹಾಗೆ ನಾನೂ ಟಿವಿ ಮುಂದೆ ಕೂತು ನೋಡಿದೆ. ಖುಷಿಯೂ ಆಯಿತು, ಸಂಕಟವೂ ಆಯಿತು. ಬಂದದ್ದು ಆಫ್ರಿಕಾದ ಚೀತಾ. ನಮ್ಮಲ್ಲಿದ್ದ ತಳಿ ಈಗ ಇರಾನಿನಲ್ಲಿ ಮಾತ್ರ, ಅಲ್ಲೂ ಕೆಲವೇ ಕೆಲವು. ಎಷ್ಟು ದುಡ್ಡು ಸುರಿದರೂ ಇಲ್ಲಿದ್ದದ್ದು ಇಲ್ಲಿಗೆ ಬರಲಿಲ್ಲ.

ರಣಹದ್ದಿನ ಮಾತು ಹೇಳದೆ ಮುಂದೆ ಹೋಗಲು ಮನಸ್ಸಾಗುತ್ತಿಲ್ಲ. ನಾನು ಸಣ್ಣವನಿದ್ದಾಗ ನಮ್ಮ ಸೋದರಮಾವನ ಎತ್ತು ಸತ್ತಿತ್ತು. ಊರ ಹೊರಗೆ ಹಳ್ಳದ ದಂಡೆಯಲ್ಲಿ ಹಾಕಿ ಬಂದರು. ಮಧ್ಯಾಹ್ನಕ್ಕೆಲ್ಲ ಆಕಾಶದಲ್ಲಿ ಚುಕ್ಕೆ ಚುಕ್ಕೆಯಾಗಿ ಸುತ್ತಲು ಶುರು ಮಾಡಿದವು. ಮರುದಿನ ಹೋಗಿ ನೋಡಿದರೆ ಬರೀ ಎಲುಬು, ಒಂಚೂರು ವಾಸನೆ ಇಲ್ಲ. ಈಗ ಅದೇ ಹಳ್ಳದ ದಂಡೆಯಲ್ಲಿ ನಾಯಿಗಳ ಹಿಂಡು ಇದೆ. ದನಗಳಿಗೆ ನೋವು, ಜ್ವರ ಅಂತ ಕೊಡುತ್ತಿದ್ದ ಡೈಕ್ಲೋಫೆನಾಕ್ ಔಷಧಿಯೇ ರಣಹದ್ದುಗಳಿಗೆ ವಿಷವಾಯಿತು. ಆ ಔಷಧಿ ಮೈಯಲ್ಲಿ ಇರುವಾಗಲೇ ಸತ್ತ ದನವನ್ನು ತಿಂದ ಹದ್ದಿಗೆ ಮೂತ್ರಪಿಂಡ ಕೆಟ್ಟು ಕೆಲವೇ ದಿನಗಳಲ್ಲಿ ಸಾವು. 1990ರ ದಶಕದಿಂದ ಹದಿನೈದು ವರ್ಷ ತುಂಬುವಷ್ಟರಲ್ಲಿ ದೇಶದ ಬಿಳಿಬೆನ್ನಿನ ರಣಹದ್ದುಗಳಲ್ಲಿ ನೂರಕ್ಕೆ 99ಕ್ಕಿಂತ ಜಾಸ್ತಿ ಇಲ್ಲವಾದವು. ಕಾರಣ ಪತ್ತೆಯಾದದ್ದು 2004ರ ಹೊತ್ತಿಗೆ. 2006ರಲ್ಲಿ ದನಗಳಿಗೆ ಆ ಔಷಧಿ ಕೊಡುವುದನ್ನು ನಿಷೇಧಿಸಿದರು. ಬದಲಿಗೆ ಮೆಲಾಕ್ಸಿಕ್ಯಾಮ್ ಇದೆ, ಅದು ಹದ್ದಿಗೆ ಅಪಾಯ ಮಾಡುವುದಿಲ್ಲ. ದನ ಇಟ್ಟುಕೊಂಡವರು ಇದನ್ನು ಓದುತ್ತಿದ್ದರೆ, ಡಾಕ್ಟರ್ ಹತ್ತಿರ ಈ ಹೆಸರು ಒಮ್ಮೆ ಕೇಳಿ ನೋಡಿ. ಎತ್ತಿನ ನೋವು ಇಳಿಯಲಿ ಅಂತ ಸೂಜಿ ಹಾಕಿಸಿದ ನಮ್ಮ ಮಾವನಂಥವರದು ಇದರಲ್ಲಿ ಏನು ತಪ್ಪು? ಅವರಿಗೆ ಯಾರೂ ಹೇಳಿರಲಿಲ್ಲ.

ರೈತರ ಮಾತು ಬಂದದ್ದಕ್ಕೆ ಇನ್ನೊಂದು. ಚಿಗರಿ ಉಳಿಸಿ ಅಂತ ಬರೆದರೆ ನಮ್ಮೂರಿನವರೇ ಮೊದಲು ಫೋನ್ ಮಾಡುತ್ತಾರೆ. "ನೀ ಧಾರವಾಡದಾಗ ಕುಂತು ಬರೀತಿ. ಇಲ್ಲಿ ನಾವು ಗೋವಿನಜೋಳ ಬಿತ್ತಿ ಹದಿನೈದು ದಿನಕ್ಕ ಚಿಗರಿ ಹಿಂಡು ಬಂದು ಬೋಳಿಸಿ ಹೋಗ್ತಾವ." ನಿಜ. ನನ್ನ ಚಿಕ್ಕಪ್ಪನ ಹೊಲದಲ್ಲೇ ಹೀಗಾಗಿದೆ. ಒಂದು ರಾತ್ರಿಗೆ ಅರ್ಧ ಎಕರೆ. ಬೆಳೆ ಹೋದವನಿಗೆ ಪ್ರಾಣಿದಯೆಯ ಪಾಠ ಹೇಳಲು ನನಗೆ ಬಾಯಿ ಬರುವುದಿಲ್ಲ. ಪರಿಹಾರದ ಹಣ ಬೇಗ ಸಿಗಬೇಕು, ಹತ್ತು ಸಲ ಅಲೆಸಬಾರದು. ಆದರೆ ಒಂದು ಮಾತು ಚಿಕ್ಕಪ್ಪನಿಗೂ ಹೇಳಿದ್ದೇನೆ. ಹುಲ್ಲು ಇದ್ದಿದ್ದರೆ ಚಿಗರಿ ನಿನ್ನ ಹೊಲಕ್ಕೆ ಇಷ್ಟು ಬರುತ್ತಿರಲಿಲ್ಲ. ನೀಲಗಿರಿಯ ಬುಡದಲ್ಲಿ ಅದಕ್ಕೇನು ಸಿಗುತ್ತದೆ? ಅದರ ಹುಲ್ಲು ಅದಕ್ಕೆ ವಾಪಸ್ ಕೊಟ್ಟರೆ ಚಿಕ್ಕಪ್ಪನ ಗೋವಿನಜೋಳವೂ ಉಳಿಯಬಹುದು.

ಚಿಕ್ಕಪ್ಪ ಬೈದರೂ ಶೀಗಿ ಹುಣ್ಣಿಮೆಗೆ ಹೊಲದ ಸುತ್ತ ಚರಗ ಚೆಲ್ಲುವುದನ್ನು ಬಿಟ್ಟಿಲ್ಲ. ಆ ಅನ್ನ, ಆ ಕಡಬು ಯಾರು ತಿನ್ನುತ್ತಾರೆ? ಇರುವೆ, ಅಳಿಲು, ಹಕ್ಕಿ. ಬೆಳೆದದ್ದರಲ್ಲಿ ಅವಕ್ಕೂ ಪಾಲಿದೆ ಅಂತ ನಮಗೆ ಯಾರೋ ಹೊರಗಿನವರು ಬಂದು ಕಲಿಸಬೇಕಾಗಿಲ್ಲ.

ಉಳಿಸಲು ಆಗುವುದೇ ಇಲ್ಲ ಅನ್ನುವವರಿಗೆ ನಾನು ಗದಗ ಜಿಲ್ಲೆ ತೋರಿಸುತ್ತೇನೆ. ಕಪ್ಪತಗುಡ್ಡದ ಕಥೆ ಎಲ್ಲರಿಗೂ ಗೊತ್ತು. ಅಲ್ಲಿ ಚಿನ್ನದ ಗಣಿ ಬರುವ ಮಾತಿತ್ತು. 2015ರಲ್ಲಿ ಸಂರಕ್ಷಿತ ಪ್ರದೇಶ ಅಂತ ಮಾಡಿ, ಮರುವರ್ಷವೇ ಆ ಆದೇಶ ವಾಪಸ್ ತೆಗೆದುಕೊಂಡರು. 2017ರ ಫೆಬ್ರವರಿಯಲ್ಲಿ ಗದಗಿನಲ್ಲಿ ತೋಂಟದ ಸಿದ್ಧಲಿಂಗ ಸ್ವಾಮಿಗಳ ಮುಂದಾಳತ್ವದಲ್ಲಿ ಜನ ಧರಣಿ ಕೂತರು. ರೈತರಿದ್ದರು, ವಿದ್ಯಾರ್ಥಿಗಳಿದ್ದರು. ಸರ್ಕಾರ ಮತ್ತೆ ರಕ್ಷಣೆ ಕೊಟ್ಟಿತು. 2019ರಲ್ಲಿ ಸುಮಾರು 244 ಚದರ ಕಿಲೋಮೀಟರ್ ವನ್ಯಜೀವಿ ಧಾಮ ಆಯಿತು. ಸ್ವಾಮಿಗಳು ಅದನ್ನು ನೋಡಲು ಉಳಿದಿರಲಿಲ್ಲ, 2018ರಲ್ಲೇ ಲಿಂಗೈಕ್ಯರಾದರು. ಆದರೆ ಆ ಗುಡ್ಡದಲ್ಲಿ ಇವತ್ತೂ ಕತ್ತೆಕಿರುಬ ಇದೆ, ತೋಳ ಇದೆ.

ಇನ್ನು ಮಾಗಡಿ ಕೆರೆ, ಶಿರಹಟ್ಟಿ ತಾಲೂಕಿನದು. ಚಳಿಗಾಲಕ್ಕೆ ಮಂಗೋಲಿಯಾ, ಟಿಬೆಟ್ ಕಡೆಯಿಂದ ಪಟ್ಟೆತಲೆ ಹೆಬ್ಬಾತುಗಳು ಹಿಮಾಲಯ ದಾಟಿ ಇಲ್ಲಿಗೆ ಬರುತ್ತವೆ. ಸಾವಿರ ಸಾವಿರ. ಹಗಲು ನೀರಿನಲ್ಲಿ ಇದ್ದು, ಹೊತ್ತು ಮುಳುಗಿದ ಮೇಲೆ ಸುತ್ತಲಿನ ಹೊಲಗಳಿಗೆ ಮೇಯಲು ಹೋಗುತ್ತವೆ. ರೈತರು ಸಹಿಸಿಕೊಂಡಿದ್ದಾರೆ. 54 ಹೆಕ್ಟೇರಿನ ಆ ಸಣ್ಣ ಕೆರೆ 2024ರಲ್ಲಿ ರಾಮ್ಸರ್ ಪಟ್ಟಿಗೆ, ಅಂದರೆ ಜಗತ್ತಿನ ಮಹತ್ವದ ಜೌಗು ಪ್ರದೇಶಗಳ ಪಟ್ಟಿಗೆ, ಸೇರಿತು. ಅಷ್ಟು ದೂರದಿಂದ ಬರುವ ಹಕ್ಕಿಗೆ ನಮ್ಮ ಜನ ಜಾಗ ಕೊಟ್ಟಿದ್ದಾರೆ. ಇಲ್ಲೇ ಹುಟ್ಟಿದ್ದ ಹಕ್ಕಿಗೆ ಕೊಡಲಾಗಲಿಲ್ಲವಲ್ಲ ಅನ್ನುವುದೇ ನನ್ನ ಸಂಕಟ.

ಎರೆಭೂತಕ್ಕೆ ಇನ್ನೂ ಪೂರ್ತಿ ಬಾಗಿಲು ಮುಚ್ಚಿಲ್ಲ. 2019ರಿಂದ ರಾಜಸ್ಥಾನದ ಜೈಸಲ್ಮೇರಿನಲ್ಲಿ ಮೊಟ್ಟೆ ತಂದು ಮರಿ ಮಾಡಿಸುತ್ತಿದ್ದಾರೆ. 2024ರಲ್ಲಿ ಕೃತಕ ಗರ್ಭಧಾರಣೆಯಿಂದಲೂ ಒಂದು ಮರಿ ಹುಟ್ಟಿತು. ಆದರೆ ಆ ಮರಿಗಳನ್ನು ನಾಳೆ ಎಲ್ಲಿ ಬಿಡುತ್ತಾರೆ? ಬಯಲೇ ಇಲ್ಲದಿದ್ದರೆ ಅವು ಬೇಲಿಯೊಳಗೇ ಇರಬೇಕು. ಬಯಲು ಇದ್ದರೂ ಅದರ ಮೇಲೆ ಕರೆಂಟಿನ ತಂತಿ ಇರುತ್ತದೆ. ಈ ಹಕ್ಕಿಯ ಕಣ್ಣು ತಲೆಯ ಎರಡು ಬದಿಗಿವೆ, ಎದುರಿನ ತಂತಿ ಅದಕ್ಕೆ ಸರಿಯಾಗಿ ಕಾಣುವುದಿಲ್ಲ. ಕಂಡರೂ ಅಷ್ಟು ಭಾರದ ಮೈ ತಟ್ಟನೆ ತಿರುಗುವುದಿಲ್ಲ. ಗದಗದ ಕಡೆ ಹೋದವರಿಗೆ ಗಾಳಿಯಂತ್ರಗಳು ಗೊತ್ತೇ ಇವೆ. ಗಾಳಿ ಕರೆಂಟು ಬೇಡ ಅಂತ ನಾನು ಹೇಳುತ್ತಿಲ್ಲ, ಕಲ್ಲಿದ್ದಲಿಗಿಂತ ಅದು ಸಾವಿರ ಪಾಲು ಒಳ್ಳೆಯದು. ಕಂಬ ಎಲ್ಲಿ ನೆಡಬೇಕು, ತಂತಿ ಎಲ್ಲಿ ನೆಲದೊಳಗೆ ಹೋಗಬೇಕು ಅನ್ನುವುದನ್ನು ಮೊದಲೇ ಯೋಚಿಸಿ ಅಂತ ಮಾತ್ರ ಕೇಳುತ್ತಿದ್ದೇನೆ.

ನಿನ್ನೆ ಸಸಿ ನೆಡುವ ಬಳಗದ ಗೆಳೆಯನಿಗೆ ಫೋನ್ ಮಾಡಿದೆ. ಒಂದು ತಾಸು ಮಾತಾಡಿದೆವು, ಸ್ವಲ್ಪ ಜಗಳವೂ ಆಯಿತು. ಕೊನೆಗೆ ಒಪ್ಪಿದ. ಉಳಿದ ಇನ್ನೂರು ಸಸಿ, ಬೇವು ಮತ್ತು ಹೊಂಗೆ, ಆ ಗುಡ್ಡಕ್ಕೆ ಹೋಗುವುದಿಲ್ಲ. ಊರೊಳಗಿನ ಎರಡು ಶಾಲೆಯ ಅಂಗಳಕ್ಕೆ, ರಸ್ತೆಯ ಬದಿಗೆ ಹೋಗುತ್ತವೆ. ಅಲ್ಲಿ ನೆರಳು ಬೇಕು, ಅಲ್ಲಿ ಗಿಡ ಬೇಕು. ನಾವು ಜುಲೈನಲ್ಲಿ ಹಚ್ಚಿದ್ದನ್ನು ಏನು ಮಾಡಬೇಕು ಅಂತ ಆ ಕುರಿ ಕಾಯುವ ಹಿರಿಯರನ್ನೇ ಕೇಳೋಣ ಅಂದುಕೊಂಡಿದ್ದೇವೆ. ಬರುವ ಭಾನುವಾರ ಬೆಳಿಗ್ಗೆ ಆರಕ್ಕೆ ಗುಡ್ಡಕ್ಕೆ ಹೋಗುತ್ತಿದ್ದೇವೆ, ಈ ಸಲ ಸಲಿಕೆ ಇಲ್ಲ, ಗುದ್ದಲಿ ಇಲ್ಲ. ಮಳೆ ಆಗಿದೆ, ಹುಲ್ಲು ಎದ್ದಿರುತ್ತದೆ. ಬರುವವರು ಕಮೆಂಟಿನಲ್ಲಿ ತಿಳಿಸಿ. ಮಕ್ಕಳನ್ನು ಕರೆದುಕೊಂಡು ಬನ್ನಿ.